ಅವಳು ತಿಂದ ಮೊದಲ ತುತ್ತು

ನನ್ನ ವೈನಿ ತೀರಿಕೊಂಡ ಹದಿಮೂರನೆಯ ದಿನ ಊಟಕ್ಕೆ ಕೂತವರೆಲ್ಲ ಅವಳನ್ನು ಹೊಗಳಿದರು. ತುಪ್ಪ ಬಡಿಸುತ್ತಾ ನಾನು ಪಂಕ್ತಿಯ ಉದ್ದಕ್ಕೂ ಕೇಳಿಸಿಕೊಂಡೆ. "ಭಾಳ ಶಾಂತ ಹೆಣ್ಮಗಳು" ಅಂದರು ಒಬ್ಬರು. "ಅಂಥಾಕಿ ಸಿಕ್ಕದ್ದಕ್ಕ ಅವ ಉಳದ" ಅಂದರು ಇನ್ನೊಬ್ಬರು. ಉಳಿದವನು ಅಂದರೆ ನನ್ನ ಅಣ್ಣ. ಅವನನ್ನು ಉಳಿಸಿದವರ ಮಾತು ಬಂದಾಗ ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ತುಪ್ಪದ ಮಿಳ್ಳೆ ಕೈಯಲ್ಲಿ ಹಿಡಿದುಕೊಂಡೇ ಅವತ್ತು ತೀರ್ಮಾನ ಮಾಡಿದೆ. ಇವಳ ಬಗ್ಗೆ ನಾನೂ ಬರೆಯುತ್ತೇನೆ, ಆದರೆ ಹೊಗಳುವುದಿಲ್ಲ.

ವೈನಿ ಅಂದರೆ ನಮ್ಮ ಧಾರವಾಡದ ಕಡೆ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು, ನಂಟಿನಲ್ಲಿ ದೊಡ್ಡವಳು. ಹಾಗಾಗಿ ಎದುರಿಗೆ ಯಾವಾಗಲೂ "ಬರ್ರಿ ವೈನಿ, ಕೂಡ್ರಿ ವೈನಿ". ಬೆನ್ನ ಹಿಂದೆ ‘ಅವಳು’. ಇಲ್ಲಿ ಬೆನ್ನ ಹಿಂದಿನ ರೂಢಿಯನ್ನೇ ಇಟ್ಟುಕೊಳ್ಳುತ್ತೇನೆ. ಅವಳ ತಂದೆ ಬೆಳಗಾವಿಯವರು, ಬಾರಾಮತಿಯ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಮರಾಠಿ ಹುಡುಗಿಯರ ಜೊತೆ ಬೆಳೆದವಳಾದ್ದರಿಂದ, ಅವರು ಗಂಡನ ತಂಗಿಯನ್ನು ಕರೆಯುವ ಹಾಗೆ ನನ್ನನ್ನು ‘ವನ್ಸ’ ಅನ್ನುತ್ತಿದ್ದಳು. ನನಗೆ ಆ ಶಬ್ದ ಸೇರುತ್ತಿರಲಿಲ್ಲ. ಕನ್ನಡದವರ ಮನೆಗೆ ಬಂದಿದ್ದೀಯ, ಕನ್ನಡದಲ್ಲಿ ಕರಿ ಅನ್ನಬೇಕು ಅಂತ ಎಷ್ಟೋ ಸಲ ಬಾಯಿತುದಿಗೆ ಬಂದಿತ್ತು. ಈಗ ಹಾಗೆ ಕರೆಯುವವರು ಯಾರೂ ಇಲ್ಲ.

ಚೆಲುವೆಯೇನಲ್ಲ. ಗಿಡ್ಡ, ಅಗಲ ಮುಖ, ದಪ್ಪ ಜಡೆ. ಯಾರಾದರೂ ಮಾತಾಡುವಾಗ ಸೆರಗಿನ ಚುಂಗನ್ನು ಬೆರಳಿನಲ್ಲಿ ಸುರುಳಿ ಸುತ್ತುತ್ತಾ ಕೇಳುತ್ತಿದ್ದಳು. ಮಾತು ಮುಗಿದ ಮೇಲೆ ಸುರುಳಿ ಬಿಚ್ಚಿ ಒಂದು ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಬರುವ ತನಕ ಅದೇ ಪ್ರಶ್ನೆ, ಅದೇ ಮೆಲುದನಿ. ಜಗಳಕ್ಕೆ ಬರುತ್ತಾಳೆ ಅನ್ನುವ ಹಾಗಿಲ್ಲ, ಬಿಟ್ಟು ಹೋಗುತ್ತಾಳೆ ಅನ್ನುವ ಹಾಗೂ ಇಲ್ಲ. ಅವಳ ದೊಡ್ಡ ದೋಷ ಏನೆಂದರೆ ಏನನ್ನೂ ಮುಚ್ಚಿಡಲು ಬರುತ್ತಿರಲಿಲ್ಲ. ಮನೆಗೆ ಬಂದವರಿಗೆ ತಾಟಿನಲ್ಲಿ ಚಿವಡಾ ಹಾಕಿ ಕೊಡುತ್ತಾ, "ಸ್ವಲ್ಪ ಮೆತ್ತಗಾಗ್ಯದ, ಭಾಳ ದಿನದ್ದು" ಅನ್ನುತ್ತಿದ್ದಳು. ನಮ್ಮ ಅವ್ವ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಇನ್ನು ಅಣ್ಣನ ಸಂಗತಿ. ನಾವು ಪುಣೆಗೆ ಬಂದು ನೆಲೆಸಿದವರು. ಅವನು ಅಲ್ಲಿನ ಭೋಸರಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಸ್ಕೇಲ್ ಇಲ್ಲದೆ ಗೆರೆ ಎಳೆದರೂ ನೆಟ್ಟಗೆ ಬರುತ್ತಿತ್ತು. ಶಾಲೆಯಲ್ಲಿ ನನ್ನ ಭೂಪಟಗಳನ್ನೆಲ್ಲ ಬರೆದುಕೊಟ್ಟವನು ಅವನೇ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಲ್ಲಿ ಅವನಿಗೆ ಒಂದು ಸಂಶಯ ಹತ್ತಿತು, ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಅಂತ. ಮೊದಲು ಕ್ಯಾಂಟೀನಿನವರು, ಆಮೇಲೆ ನೆರೆಯವರು, ಆಮೇಲೆ ನಾವೇ. ಆಸ್ಪತ್ರೆಗೆ ಸೇರಿಸುವುದು, ಗುಳಿಗೆ ತಿಂದು ಅವನು ಸರಿಯಾಗುವುದು, ಮನೆಗೆ ಬಂದು ಗುಳಿಗೆ ಬಿಡುವುದು, ಮತ್ತೆ ಆಸ್ಪತ್ರೆ. ನಾನಾಗ ಟೆಲಿಫೋನ್ ಆಫೀಸಿನಲ್ಲಿದ್ದೆ. ನನ್ನ ಮದುವೆಯ ಮಾತು ಎರಡು ಸಲ ಮುಂದೆ ಹೋಯಿತು. ಅವನು ಎದ್ದು ಹೋಗಬಾರದೆಂದು ಬಾಗಿಲಿಗೆ ಅಡ್ಡ ಹಾಸಿಗೆ ಹಾಸಿಕೊಂಡು ಮಲಗಿದವಳು ನಾನು, ಅವಳಲ್ಲ. ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿದ್ದೇನೆ.

ಕೊನೆಗೆ ಡಾಕ್ಟರು ಒಂದು ಹನಿ ಔಷಧ ಕೊಟ್ಟರು. ನೀರಿನ ಹಾಗೆ ಬಣ್ಣವಿಲ್ಲ, ರುಚಿಯಿಲ್ಲ. ಚಹಾದಲ್ಲೋ ಸಾರಿನಲ್ಲೋ ಹಾಕಿ ಕೊಡಿ, ಗುಳಿಗೆ ಒಲ್ಲದವರ ಮನೆಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಅಂದರು. ಹಾಕಿದೆವು. ಎರಡು ವರ್ಷ ಅಣ್ಣ ಚೆನ್ನಾಗಿದ್ದ. ಔಷಧವಿಲ್ಲದೇ ತಾನಾಗಿ ಗುಣವಾದೆ ಎಂದು ನಂಬಿ, ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ. ನನ್ನ ಮದುವೆಯಾಗಿ ಎರಡು ಗಲ್ಲಿ ಆಚೆ ಹೋದ ಮೇಲೂ, ಆಫೀಸಿಗೆ ಹೋಗುವ ದಾರಿಯಲ್ಲಿ ನಮ್ಮ ವಾಡೆಗೆ ಬಂದು ಅವನ ಬೆಳಗಿನ ಚಹಾ ನಾನೇ ಮಾಡುತ್ತಿದ್ದೆ. ಬಾಟಲಿ ಹುಣಸೆಹಣ್ಣಿನ ಭರಣಿಯಲ್ಲಿರುತ್ತಿತ್ತು. "ನಿನ್ನ ಕೈಯಾಗಿನ ಚಹಾಕ್ಕ ಬ್ಯಾರೇ ರುಚಿನೇ ಅದ ನೋಡು" ಅನ್ನುತ್ತಿದ್ದ ಅಣ್ಣ. ನೀವು ಏನಾದರೂ ಅನ್ನಿ, ಆ ಎರಡು ವರ್ಷ ನನ್ನ ಜೀವನದ ಒಳ್ಳೆಯ ದಿನಗಳು. ಇವತ್ತಿಗೂ ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಆಮೇಲೆ ಮದುವೆ. ಹುಡುಗಿಯ ತಂದೆಗೆ "ನಡುವ ಸ್ವಲ್ಪ ತಲಿ ಬಿಸಿ ಇತ್ತು, ಈಗ ಆರಾಮ" ಎಂದು ಅವ್ವ ಹೇಳಿದ್ದಳು. ಹೆಂಡತಿ ಬಂದ ಮೇಲೆ ಅಣ್ಣನಿಗೆ ಬೆಳಗಿನ ಚಹಾ ಅವಳೇ ಕೊಡಬೇಕು. ಹೊಸ ಸೊಸೆಗೆ ಅತ್ತೆ ಬೀಗದ ಕೈ ಒಪ್ಪಿಸುವಂತೆ ನಾನು ಬಾಟಲಿ ಒಪ್ಪಿಸಬೇಕಾಯಿತು. ಅಡುಗೆಮನೆಯಲ್ಲಿ ಅವಳನ್ನು ಕರೆದು ಭರಣಿಯಿಂದ ತೆಗೆದು ತೋರಿಸಿ, ಮತ್ತೆ ಭರಣಿಯಲ್ಲೇ ಇಟ್ಟೆ, ಅವಳ ಕೈಗೆ ಕೊಡಲಿಲ್ಲ. ಯಾಕೆ ಅಂತ ಆಗ ತಿಳಿದಿರಲಿಲ್ಲ.

ಅವಳು ಸೆರಗು ಸುತ್ತುತ್ತಾ ಎಲ್ಲ ಕೇಳಿದಳು. ಆಮೇಲೆ, "ಅವರಿಗೆ ಗೊತ್ತದ ಏನ್ರಿ?" ಅಂದಳು.

"ಗೊತ್ತಾದ್ರ ಕುಡೀತಾನ ಏನ್ರಿ ವೈನಿ?"

"ಅವರಿಗೆ ಊಟದಾಗ ಯಾರೋ ಏನೋ ಹಾಕ್ತಾರ ಅಂತ ಸಂಶೇ ಇತ್ತು ಅಂದ್ರಿ."

"ಹೌದ್ರಿ. ಅದ ಅವನ ರೋಗ."

"ಮತ್ತ ನಾವು ಖರೇನೇ ಹಾಕ್ಲಿಕ್ಕತ್ತೇವಲ್ರಿ, ವನ್ಸ."

ಅವ್ವ ಒಲೆಯ ಹತ್ತಿರದಿಂದಲೇ, "ಶಾಣ್ಯಾತನ ಬ್ಯಾಡ, ಹೇಳಿದಷ್ಟು ಮಾಡು" ಅಂದಳು. ಮರುದಿನ ಬೆಳಿಗ್ಗೆ ಸೊಸೆ ಅಣ್ಣನ ಮುಂದೆ ಚಹಾದ ಕಪ್ಪು ಇಟ್ಟು, ಪಕ್ಕದಲ್ಲಿ ಬಾಟಲಿ ಇಟ್ಟು, ಇದು ಎರಡು ವರ್ಷದಿಂದ ನಿಮ್ಮ ಹೊಟ್ಟೆಗೆ ಹೋಗುತ್ತಿದೆ, ಇವತ್ತು ಹಾಕಿಲ್ಲ, ಹಾಕಲೋ ಬೇಡವೋ ನೀವೇ ಹೇಳಿ ಅಂದಳು. ಮದುವೆಯಾಗಿ ಒಂದು ತಿಂಗಳು ಆಗಿತ್ತೋ ಇಲ್ಲವೋ.

ನಾನು ಹೋಗುವಷ್ಟರಲ್ಲಿ ಚಹಾ ಬಚ್ಚಲಿಗೆ ಬಿದ್ದಿತ್ತು. ಅಣ್ಣ ನನ್ನನ್ನು ನೋಡಿದ. ಬೈಯಲಿಲ್ಲ. "ನೀನೂ?" ಅಂದ, ಅಷ್ಟೇ. ಅವತ್ತಿನಿಂದ ನನ್ನ ಕೈಯಿಂದ ಅವನು ನೀರು ಕೂಡ ತೆಗೆದುಕೊಳ್ಳಲಿಲ್ಲ. ಮನೆಯ ಊಟ ಬಿಟ್ಟ. ಬಾಳೆಹಣ್ಣು ತಾನೇ ಸುಲಿದು ತಿನ್ನುತ್ತಿದ್ದ, ತೆಂಗಿನಕಾಯಿ ತಾನೇ ಒಡೆದುಕೊಳ್ಳುತ್ತಿದ್ದ. ಔಷಧ ನಿಂತಿತು, ನಿದ್ದೆ ಹೋಯಿತು, ಹಳೆಯ ಸಂಶಯಗಳು ಒಂದೊಂದಾಗಿ ಮರಳಿ ಬಂದವು. ಬರದೆ ಏನು ಮಾಡುತ್ತವೆ, ಈ ಸಲ ಸಾಕ್ಷಿ ಬೇರೆ ಸಿಕ್ಕಿತ್ತಲ್ಲ. ಎರಡು ತಿಂಗಳಲ್ಲಿ ಅವನು ನಡುಬೀದಿಯಲ್ಲಿ ನಿಂತು ಕಿರುಚುವ ಹಾಗಾಯಿತು. ಕಂಡಿರೇನು ನಿಮ್ಮ ಸತ್ಯದ ಫಲ ಅಂತ ನಾನು ಅವಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವಳು ಅಳುತ್ತಿದ್ದಳು. "ಹೇಳೂ ರೀತಿ ತಪ್ಪಿರಬಹುದ್ರಿ" ಅಂದಳು. ಹೇಳಿದ್ದೇ ತಪ್ಪು ಅಂತ ಮಾತ್ರ ಅವಳ ಬಾಯಿಂದ ಬರಲಿಲ್ಲ.

ಮನೋರೋಗಿಗಳ ಹೊಸ ಕಾಯದೆ ಆಗಷ್ಟೇ ಬಳಕೆಗೆ ಬಂದಿತ್ತು. ಒಲ್ಲದವರನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಇಬ್ಬರು ಡಾಕ್ಟರರ ಸರ್ಟಿಫಿಕೇಟು, ಮನೆಯವರ ಅರ್ಜಿ, ಮ್ಯಾಜಿಸ್ಟ್ರೇಟರ ಹುಕುಂ. ನಮ್ಮ ಅವ್ವನ ದೂರದ ತಮ್ಮ ಒಬ್ಬರು ವಕೀಲರಿದ್ದರು, ಅವರಿಂದ ಅರ್ಜಿ ಬರೆಸಿದೆ. ಸಹಿ ಮಾಡಲು ಪೆನ್ನು ತೆಗೆದರೆ ವಕೀಲ ಮಾಮಾ, "ಹೆಂಡ್ತಿ ಇದ್ದಾಳಲ್ಲವಾ, ಆಕೀನ ಮಾಡಲಿ" ಅಂದರು. ಅಷ್ಟು ವರ್ಷ ಬಾಗಿಲಿಗೆ ಅಡ್ಡ ಮಲಗಿದವಳು ನಾನು. ಮೂರು ತಿಂಗಳ ಹೆಂಡತಿ ಸಹಿ ಮಾಡಿದಳು. ಮೊದಲ ಭೇಟಿಗೆ ಹೋದಾಗ ಅವಳು ಅಣ್ಣನಿಗೆ ಏನು ಹೇಳಿದಳು ಗೊತ್ತೇ? "ನಿಮ್ಮನ್ನ ಇಲ್ಲಿ ಹಾಕಿದ್ದು ನಾನು. ಸಹಿ ನಂದು." ಅವನು ಮುಖ ತಿರುಗಿಸಿ ಕೂತ. ಅವಳು ಭೇಟಿಯ ಹೊತ್ತು ಮುಗಿಯುವ ತನಕ ಅವನ ಬೆನ್ನಿಗೆ ಎದುರಾಗಿ ಕೂತಿದ್ದಳು. ಮುಂದಿನ ಭೇಟಿಯಲ್ಲೂ ಹಾಗೇ. ನಾನು ಕಿಟಕಿಯ ಹತ್ತಿರ ನಿಂತು, ಇನ್ನು ಇವಳನ್ನು ಅವನು ಮನೆಗೆ ಸೇರಿಸುವುದಿಲ್ಲ ಅಂದುಕೊಂಡೆ. ಸ್ವಲ್ಪ ಹಿತವೇ ಆಯಿತು.

ಅವನು ಬಿಡುಗಡೆಯಾಗಿ ಬರುವ ದಿನ ಹತ್ತಿರ ಬಂದಾಗ, ಅವಳನ್ನೂ ಕರೆದುಕೊಂಡು ನಾನು ವಕೀಲ ಮಾಮಾನ ಮನೆಗೆ ಹೋದೆ. ಮನೆಯಲ್ಲೂ ಅವನು ಗುಳಿಗೆ ನುಂಗಲೇಬೇಕು ಎಂದು ಕೋರ್ಟಿನಿಂದ ಹುಕುಂ ತರಬೇಕು ಅನ್ನುವುದು ನನ್ನ ಹಟ.

ಮಾಮಾ ಕನ್ನಡಕ ಒರೆಸಿಕೊಳ್ಳುತ್ತಾ, "ಕಾಯದೆ ದವಾಖಾನಿ ಗೇಟಿನ ಮಟಾ ಬರ್ತದವಾ" ಅಂದರು. "ಮ್ಯಾಜಿಸ್ಟ್ರೇಟ್ ಒಳಗ ಕಳಸಬಹುದು, ಹೊರಗ ಬಿಡಬಹುದು. ಮನ್ಯಾಗ ಕೂತಾವನ ಬಾಯಾಗ ಗುಳಿಗಿ ಹಾಕ್ರಿ ಅನ್ನೂ ಹುಕುಂ ನಮ್ಮ ದೇಶದಾಗ ಇಲ್ಲ. ಹೊರದೇಶದಾಗ ಕೆಲವು ಕಡೆ ಅದ ಅಂತ. ಮನ್ಯಾಗಿರು, ಆದ್ರ ಔಷಧ ತಗೋ, ಇಲ್ಲಾಂದ್ರ ತಿರುಗಿ ದವಾಖಾನಿಗೆ ನಡಿ, ಅಂತ ಕೋರ್ಟೇ ಹೇಳ್ತದ."

"ಇಲ್ಲೂ ಇರಬೇಕಲ್ಲ ಮಾಮಾ! ಇದ್ದಿದ್ರ ಕಳ್ಳರಂಗ ಹನಿ ಹಾಕೂ ಪ್ರಸಂಗ ನಮಗ ಬರತಿತ್ತೇನು?" ಅಂದೆ.

ಅವಳು ಸೆರಗಿನ ಸುರುಳಿ ಬಿಚ್ಚಿದಳು. "ನುಂಗ್ಯಾರೋ ಇಲ್ಲೋ ಯಾರು ನೋಡ್ತಾರ್ರಿ ಮಾಮಾ? ಜಡ್ಜ್ ಬರ್ತಾರೇನು?"

"ಅಲ್ಲಿ ನರ್ಸ್ ಬರಬಹುದು. ಇಲ್ಲಿ ಅಂದ್ರ ಮನಿಯವ್ರೇ ನೋಡಬೇಕು."

"ಅಂದ್ರ ನಾನು. ಹಗಲೀ ಅವರ ಬಾಯಿ ತಗಸಿ ನಾಲಿಗಿ ಕೆಳಗ ಗುಳಿಗಿ ಅದ ಏನು ಅಂತ ನೋಡೂದು, ರಾತ್ರಿ ಅವರ ಬಾಜೂಕ ಮಲಗೂದು. ಹುಕುಂ ಅವರ ಮ್ಯಾಲ ಅಲ್ರಿ, ನನ್ನ ಮ್ಯಾಲ ಆಗ್ತದ."

ಮಾಮಾ ಗಹಗಹಿಸಿ ನಕ್ಕು, "ನೀ ವಕೀಲಕಿ ಓದಬೇಕಿತ್ತು" ಅಂದರು. ನನ್ನನ್ನು ಚಿಕ್ಕಂದಿನಿಂದ ನೋಡಿದ ಮನುಷ್ಯ ನನಗೆ ಅಂಥ ಮಾತು ಒಂದು ದಿನವೂ ಆಡಿರಲಿಲ್ಲ. ಸಿಟ್ಟಿನಿಂದ ನಾನು ಬೇರೆ ಕಡೆಯಿಂದ ಹಿಡಿದೆ. ಹಾಗಾದರೆ ಅವನು ಔಷಧ ಬಿಟ್ಟು ಲಾರಿ ಕೆಳಗೆ ಬಿದ್ದು ಸತ್ತರೆ ಯಾರು ಜವಾಬ್ದಾರಿ? ಸಾಯುವ ಸ್ವಾತಂತ್ರ್ಯ ಅವನಿಗೆ ಬೇಕಾಗಿದೆಯೇ? "ಗೊತ್ತಿಲ್ರಿ ವನ್ಸ. ಅಂಜಿಕಿ ನನಗೂ ಅದ" ಅಂದಳು. ನನ್ನ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು, ಈಗಲೂ ಸರಿಯೇ.

ಅಣ್ಣ ಮನೆಗೆ ಬಂದ. ಮೊದಲ ದಿನ ಅವ್ವ ಭಕ್ರಿ, ಝುಣಕ, ಅನ್ನ, ಸಾರು ಮಾಡಿ ತಾಟು ಇಟ್ಟಳು. ಅವನು ತಾಟನ್ನು ನೋಡುತ್ತಾ ಕೂತ. ಕೈ ಮುಂದೆ ಬರಲಿಲ್ಲ. ನಮ್ಮ ಮನೆಯ ಪದ್ಧತಿ ಏನೆಂದರೆ, ಗಂಡ ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣಬೇಕು. ಅವ್ವ ಜೀವನವಿಡೀ ಹಾಗೇ ಉಂಡವಳು. ಗಂಡನ ತಾಟಿಗೆ ಹೆಂಡತಿ ಮೊದಲು ಕೈ ಹಾಕಿದರೆ ಅದು ಎಂಜಲು. ಗಂಡನಿಗೆ ಎಂಜಲು ಉಣಿಸುವುದಕ್ಕಿಂತ ದೊಡ್ಡ ಪಾಪ ಅವ್ವನಿಗೆ ಗೊತ್ತಿರಲಿಲ್ಲ. ಅಂಥ ಮನೆಯ ಸೊಸೆ ಅವಳು, ಬಂದು ಅಣ್ಣನ ಎದುರಿಗೆ ಕೂತಳು. ಅವನ ತಾಟಿನಿಂದ ಭಕ್ರಿ ಮುರಿದು ಝುಣಕ ಹಚ್ಚಿ ಬಾಯಿಗೆ ಹಾಕಿಕೊಂಡಳು. ಅನ್ನ ಸಾರು ಕಲಸಿ ಒಂದು ತುತ್ತು ತಿಂದಳು. ಅವನದೇ ಲೋಟದಿಂದ ನೀರು ಕುಡಿದಳು. ಆಮೇಲೆ ತಾಟನ್ನು ಅವನ ಕಡೆ ಸರಿಸಿದಳು.

"ಎಂಜಲಾ! ಶಿವ ಶಿವಾ, ಎಂಜಲಾ!" ಎಂದು ಅವ್ವ ಕೂಗಿದಳು.

ಅಣ್ಣ ಉಂಡ. ತಿಂಗಳುಗಳ ಮೇಲೆ ಮನೆಯ ಊಟ ಉಂಡ. ಆ ಮೇಲೆ ಹದಿನೈದು ವರ್ಷ ಅವಳು ಪ್ರತಿ ಊಟಕ್ಕೂ, ಮದುವೆ ಮುಂಜಿಗಳಲ್ಲೂ, ನೂರು ಜನರ ಎದುರಿಗೂ ಅವನ ಎಲೆಯಿಂದ ಮೊದಲ ತುತ್ತು ತಿಂದಳು. ಗೊತ್ತಿಲ್ಲದವರು ನಗುತ್ತಿದ್ದರು, ಹಸಿದವಳು ಅನ್ನುತ್ತಿದ್ದರು. ನಾನು ಸೋಗು ಅನ್ನುತ್ತಿದ್ದೆ. ಉಪಾಯ ಅಷ್ಟು ಸರಳವಿತ್ತು, ನನಗೆ ಯಾಕೆ ಹೊಳೆಯಲಿಲ್ಲ? ಹೊಳೆದಿದ್ದರೆ ಮಾಡುತ್ತಿದ್ದೆನೇ? ನಾನು ತಂಗಿ, ಅವನ ಎಂಜಲು ಚಿಕ್ಕಂದಿನಲ್ಲಿ ಎಷ್ಟೋ ತಿಂದವಳು. ಆ ಜಾಗ ನನ್ನದಾಗಬಹುದಿತ್ತು.

ಊಟ ಶುರುವಾದ ಮೇಲೆ ಮಾತೂ ಶುರುವಾಯಿತು. ಒಂದು ದಿನ ಅವಳು, ನಾನು ಅಲ್ಲೇ ಕೂತಿರುವಾಗ, ಗುಳಿಗೆ ಯಾಕೆ ಬೇಡ ಅಂತ ಅವನನ್ನು ಕೇಳಿದಳು. ಅಣ್ಣ ಎರಡೂ ಕೈ ಮುಂದೆ ಚಾಚಿದ. ಬೆರಳು ನಡುಗುತ್ತಿದ್ದವು. "ಗೆರಿ ಸೊಟ್ಟ ಆಗತಾವ" ಅಂದ. ಆ ಎರಡು ಒಳ್ಳೆಯ ವರ್ಷಗಳಲ್ಲೂ ಅವನ ಕೈ ನಡುಗುತ್ತಿತ್ತಂತೆ. ಯಾಕೆ ಅಂತ ತಿಳಿಯದೆ, ಕಸುಬು ಕೈಬಿಟ್ಟಿತು ಅಂದುಕೊಂಡು, ಮನೆಗೆ ಬಂದು ಮುಚ್ಚಿದ ಕೋಣೆಯಲ್ಲಿ ಗೆರೆ ಎಳೆದು ಎಳೆದು ಹರಿದು ಹಾಕುತ್ತಿದ್ದನಂತೆ. ಕಾರ್ಖಾನೆಯವರು ಆಗ ಅವನನ್ನು ನಕ್ಷೆಯ ಕೆಲಸದಿಂದ ತೆಗೆದು ಸ್ಟೋರ್ಸಿಗೆ ಹಾಕಿದ್ದೂ ಅದಕ್ಕೇ. ನನ್ನ ಕೈಯ ಚಹಾಕ್ಕೆ ಬೇರೆ ರುಚಿ ಇತ್ತಲ್ಲ, ಆ ಚಹಾದಿಂದಲೇ. ತಲೆ ನೆಟ್ಟಗಿರಲು ಕೈ ಸ್ವಲ್ಪ ನಡುಗಿದರೆ ನಡುಗಲಿ ಅಂತ ನಾನು ಆಗಲೂ ವಾದ ಮಾಡುತ್ತಿದ್ದೆನೋ ಏನೋ. ಆದರೆ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ, ಅವಳು ಕೇಳಿದಳು. ಅವಳು ಅವನನ್ನು ಕರೆದುಕೊಂಡು ಹೋಗಿ ಡಾಕ್ಟರರ ಮುಂದೆ ಅದೇ ಕೈ ತೋರಿಸಿದಳು. ಔಷಧ ಬದಲಾಯಿತು, ಪ್ರಮಾಣ ಇಳಿಯಿತು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಗೆರೆ ಎಳೆಯುವಷ್ಟು ನಿಂತಿತು. ಗುಳಿಗೆಯನ್ನು ಅಣ್ಣ ತಾನೇ ನುಂಗತೊಡಗಿದ. ನಡುನಡುವೆ ಬಿಡುತ್ತಿದ್ದ, ಮತ್ತೆ ಮಾತು, ಮತ್ತೆ ಗುಳಿಗೆ. ಮುಂದೆ ಹಿಂಜವಾಡಿ ಕಡೆ ಫ್ಲ್ಯಾಟುಗಳು ಎದ್ದಾಗ ಒಬ್ಬ ಕಂತ್ರಾಟುದಾರನಿಗೆ ನಕ್ಷೆ ಬರೆದುಕೊಡುವ ಕೆಲಸವೂ ಸಿಕ್ಕಿತು.

ಈಗ ನನ್ನ ಹೊಟ್ಟೆಕಿಚ್ಚಿನ ಬುಡಕ್ಕೆ ಬರುತ್ತೇನೆ. ಒಂದು ರವಿವಾರ ಅಣ್ಣ ನಮ್ಮನ್ನೆಲ್ಲ ಕೂಡಿಸಿದ. ಅವ್ವ, ನಾನು, ಅವಳು. ಒಂದು ಮಾತು ಹೇಳಿಬಿಡುತ್ತೇನೆ ಅಂದ.

"ರೋಗ ಮತ್ತ ಬರಬಹುದು. ಬಂದಾಗ ನಾ ಒಲ್ಲೆ ಒಲ್ಲೆ ಅಂತೀನಿ, ಹೊಡೀಲಿಕ್ಕೂ ಬರಬಹುದು. ಆವಾಗಿನ ಮಾತು ಕೇಳಬ್ಯಾಡ್ರಿ, ಇವತ್ತಿನ ಮಾತು ಕೇಳ್ರಿ. ಮೊದಲು ತಿಂದು ಕೊಟ್ಟ ತಾಟನ್ನೂ ನಾ ದೂಡಿದೆ ಅಂದ್ರ, ಆ ದೂಡಾಂವ ನಾ ಅಲ್ಲ. ಆ ದಿನ ನನ್ನನ್ನ ಎತ್ತಿ ಹಾಕ್ಕೊಂಡು ಹೋಗ್ರಿ. ಅದಕ್ಕೂ ಮೊದಲು ಬ್ಯಾಡ. ಆದ್ರ ಎಲ್ಲಾರೂ ಸೇರಿ ತೀರ್ಮಾನ ಮಾಡೂದು ಬ್ಯಾಡ. ಒಬ್ಬರೇ ಹೇಳಬೇಕು."

ನಾನು ನೆಟ್ಟಗೆ ಕೂತೆ. ಕೂದಲು ಹಿಂದಕ್ಕೆ ತಳ್ಳಿಕೊಂಡೆ ಅಂತಲೂ ನೆನಪು, ಹೆಸರು ಕರೆದಾಗ ಏಳುವ ಹುಡುಗಿಯ ಹಾಗೆ. ಅವನ ತಲೆ ಕೆಟ್ಟಾಗ ಎಳೆದು ಹಿಡಿದವಳು ನಾನು. ಯಾವಾಗ ಕೆಡುತ್ತದೆ ಅಂತ ಕಣ್ಣು ನೋಡಿ ಹೇಳಬಲ್ಲವಳು ನಾನು. ಜುಲುಮಿ ಮಾಡುವ ಧೈರ್ಯ ಇದ್ದವಳೂ ನಾನೇ.

"ಇಕಿ" ಅಂದ ಅಣ್ಣ, ಅವಳ ಕಡೆ ಕೈ ಮಾಡಿ.

ಅವಳ ಮುಖ ಬಿಳಿಚಿಕೊಂಡಿತು. "ನನಗ ಬ್ಯಾಡ್ರಿ" ಅಂದಳು. ಯೋಚನೆ ಮಾಡಿ. ಆ ಅಧಿಕಾರಕ್ಕೆ ನಾನು ಜೀವ ಬಿಡುತ್ತಿದ್ದೆ, ಅವಳು ಬೇಡ ಅನ್ನುತ್ತಿದ್ದಳು, ಅವನು ಒತ್ತಾಯ ಮಾಡಿ ಅವಳಿಗೇ ಕೊಟ್ಟ. ಒಬ್ಬ ಮನುಷ್ಯ ತನ್ನ ಮೇಲೆ ಬಲ ಪ್ರಯೋಗ ಮಾಡುವ ಹಕ್ಕನ್ನು ಇನ್ನೊಬ್ಬರಿಗೆ ತಾನಾಗಿ ಕೊಡುವುದಕ್ಕಿಂತ ದೊಡ್ಡ ಪ್ರೀತಿ ನನಗೆ ಗೊತ್ತಿಲ್ಲ. ಅವತ್ತು ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಂಥ ಬಾಯಿಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂದು ಆಮೇಲೆ ವಕೀಲ ಮಾಮಾ ಹೇಳಿದಾಗ, ಹೇಳಬಾರದು, ನನಗೆ ಸಂತೋಷವೇ ಆಯಿತು.

ಆ ಹಕ್ಕನ್ನು ಅವಳು ಹೇಗೆ ಇಟ್ಟುಕೊಂಡಳು ಅನ್ನುವುದಕ್ಕೆ ಎರಡು ಸಂಗತಿ. ಒಂದು ವರ್ಷ, ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ಪಾಲ್ಖಿ ಪುಣೆಗೆ ಬಂದು ಹೊರಟ ದಿನ ಅಣ್ಣ ಯಾರಿಗೂ ಹೇಳದೆ ವಾರಕರಿಗಳ ಜೊತೆ ನಡೆದುಬಿಟ್ಟ. ನಾನು ಓಡಿ ಬಂದೆ. "ವೈನಿ, ನಡ್ರಿ, ಪೋಲೀಸರಿಗೆ ಹೇಳೂಣು. ಇನ್ನೇನು ಬೇಕು ನಿಮಗ?" ಅಂದೆ. "ಪಾಲ್ಖಿ ಜೋಡಿ ಹೋಗೂದು ಹುಚ್ಚಂದ್ರ ಅರ್ಧ ಪುಣೇನೇ ದವಾಖಾನಿಗೆ ಹಾಕಬೇಕಾಗ್ತದ್ರಿ ವನ್ಸ" ಅಂದಳು. ಅವನ ಗುಳಿಗೆ ಕಟ್ಟಿಕೊಂಡು, ಬಸ್ಸು ಹಿಡಿದು ಪಾಲ್ಖಿ ತಂಗುವ ಸಾಸವಡಕ್ಕೆ ಹೋದಳು. ಜನಜಾತ್ರೆಯಲ್ಲಿ ಅವನನ್ನು ಹುಡುಕಿದಾಗ ಅವನು ಯಾರೋ ಮುದುಕನ ಕಾಲು ಒತ್ತುತ್ತಿದ್ದನಂತೆ. ಅಲ್ಲಿನ ಪ್ರಸಾದದ ಎಲೆಯಿಂದ ಅವಳು ಮೊದಲ ತುತ್ತು ತಿಂದಳು, ಅವನು ಉಳಿದದ್ದು ತಿಂದ. ಗುಳಿಗೆ ಕೊಟ್ಟು ಒಬ್ಬಳೇ ವಾಪಸು ಬಂದಳು. ಅವನನ್ನು ಬಿಟ್ಟು ಹೇಗೆ ಬಂದಿರಿ ಅಂತ ನಾನು ಕಿರುಚಿದೆ. "ತಾಟು ದೂಡಲಿಲ್ರಿ" ಅಂದಳು, ಅಷ್ಟೇ. ಅವನು ಪಂಢರಪುರದಿಂದ ಕರ್ರಗಾಗಿ, ನಗುತ್ತಾ ಬಂದ. ನನಗೆ ಆ ನಗು ಕೂಡ ಸಹಿಸಲಾಗಲಿಲ್ಲ.

ಇನ್ನೊಂದು ಅವ್ವ ಸತ್ತ ವರ್ಷದ್ದು. ಅಣ್ಣ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲರೊಡನೆ ನಗುನಗುತ್ತಾ ಇದ್ದ. ಎಷ್ಟು ಚೆನ್ನಾಗಿದ್ದಾನೆ ಅಂದುಕೊಂಡು ನಾನು ಅವನ ಎದುರಿಗೆ ಕೂತಿದ್ದೆ. ಅವಳು ಒಂದು ತುತ್ತು ತಿಂದು ತಾಟು ಸರಿಸಿದಳು. ಅವನು ಎರಡು ಬೆರಳಿನಿಂದ ತಾಟನ್ನು ಮೆಲ್ಲಗೆ ಹಿಂದಕ್ಕೆ ದೂಡಿದ, ನಗುತ್ತಲೇ. ಅವಳು ಎದ್ದು ಕೈ ತೊಳೆದುಕೊಂಡು ರಿಕ್ಷಾ ತಂದಳು. ಆ ರಿಕ್ಷಾದಲ್ಲಿ ಅವನು ಅವಳಿಗೆ ಅಂದ ಮಾತುಗಳನ್ನು ಬರೆಯಲಾರೆ. ಅವಳ ಕೈಗೆ ಕಚ್ಚಿದ ಗಾಯ ತಿಂಗಳು ಮಾಯಲಿಲ್ಲ. ಅವನು ಗುಣವಾಗಿ ಬಂದ ಮೇಲೆ ಅವಳು ಕೇಳಿದಳು, "ನಾ ಮಾಡಿದ್ದು ಬರೋಬರಿ ಇತ್ತೇನ್ರಿ?" ಅಣ್ಣ ಯೋಚನೆ ಮಾಡಿ, "ಒಂದ ದಿನ ಕಾಯಬೇಕಿತ್ತು. ಇನ್ನೊಂದು ಸಲ ತಾಟು ಇಡಬೇಕಿತ್ತು" ಅಂದ. ಬ್ಯಾಂಡೇಜು ಸುತ್ತಿದ ಕೈಯವಳಿಗೆ ಹೇಳುವ ಮಾತೇ ಅದು? ನಾನಾಗಿದ್ದರೆ ಎರಡು ಬಿಗಿಯುತ್ತಿದ್ದೆ. ಅವಳು, "ಹೌದು, ಅವಸರ ಆತು. ಮುಂದಿನ ಸಲ ಎರಡು ಹೊತ್ತು ಇಟ್ಟು ನೋಡ್ತೀನಿ" ಅಂದಳು. ಹಾಗೇ ನೆನಪಿಟ್ಟುಕೊಂಡಳು ಕೂಡ.

ಅವಳಿಗೆ ನಗಲು ಬರುತ್ತಿತ್ತು ಅನ್ನುವುದನ್ನೂ ಹೇಳಬೇಕು. ನನಗೆ ಬಿ.ಪಿ. ಶುರುವಾಗಿ ಡಾಕ್ಟರು ದಿನಾ ಗುಳಿಗೆ ತೆಗೆದುಕೊಳ್ಳಿ ಅಂದಿದ್ದರು. ನಾನು ತೆಗೆದುಕೊಳ್ಳುತ್ತಿರಲಿಲ್ಲ, ತಲೆ ಸುತ್ತುತ್ತದೆ, ಬೇಡ. ಒಂದು ದಿನ ಅವಳ ಮನೆಯಲ್ಲಿ ಚಹಾ ಕುಡಿಯುವಾಗ, "ಗುಳಿಗಿ ತಗೊಂಡ್ರೇನ್ರಿ ವನ್ಸ?" ಅಂದಳು. ಹೂಂ ಅಂದೆ. ಮುಖ ನೋಡಿದಳು. "ಇಲ್ಲಾಂದ್ರ ನಿಮ್ಮ ಚಹಾದಾಗ ಹಾಕ್ಲೇನು?" ಅಂದು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಕಪ್ಪು ಕೆಳಗಿಟ್ಟು ಎದ್ದು ಬಂದುಬಿಟ್ಟೆ. ಅರ್ಧ ದಾರಿಯಲ್ಲಿ ನನಗೂ ನಗು ಬಂತು, ಆದರೆ ಅದನ್ನು ಅವಳಿಗೆ ಹೇಳಲಿಲ್ಲ.

ಅವಳಿಗೆ ಕ್ಯಾನ್ಸರ್ ಅಂತ ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಅಣ್ಣನೇ ಪಕ್ಕದಲ್ಲಿರುತ್ತಿದ್ದ. ನಾನು ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಅವಳು ಹಾಸಿಗೆಯಲ್ಲಿ ಒರಗಿಕೊಂಡು, ನುಂಗಲಾರದೆ ನುಂಗಿ, ಮೊದಲ ತುತ್ತು ತಿಂದು ಅವನಿಗೆ ಕೊಡುತ್ತಿದ್ದಳು. ಡಬ್ಬಿ ನನ್ನದು, ಅಡುಗೆ ನನ್ನದು.

ಅವಳು ಹೋದ ದಿನದಿಂದ ಅಣ್ಣ ಮತ್ತೆ ಬಾಳೆಹಣ್ಣಿಗೆ ಬಂದ. ತಾನೇ ಸುಲಿದು ತಿನ್ನುತ್ತಿದ್ದ, ತಾನೇ ಕಾಯಿ ಒಡೆದುಕೊಳ್ಳುತ್ತಿದ್ದ. ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದ. ಹದಿಮೂರನೆಯ ದಿನ ಪಂಕ್ತಿಯಲ್ಲೂ ಕೂಡಲಿಲ್ಲ. ಎಲ್ಲರೂ ಉಂಡು, ಅವಳನ್ನು ಹೊಗಳಿ, ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ನಾನು ಒಂದು ತಾಟಿಗೆ ಬಡಿಸಿ ಅವನ ಮುಂದೆ ಇಟ್ಟೆ. ಅವನು ನೋಡುತ್ತಾ ಕೂತ.

ಎದುರಿಗೆ ಕೂತೆ. ಹದಿನೈದು ವರ್ಷ ಬೇಕಾಗಿದ್ದ ಜಾಗ. ಅನ್ನ ಸಾರು ಕಲಸಿ ಒಂದು ತುತ್ತು ಎತ್ತಿದೆ. ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅಣ್ಣ ನನ್ನ ಕೈ ಹಿಡಿದ.

"ನೀ ತಿನ್ನಬ್ಯಾಡ."

ಇನ್ನೂ ನಂಬಿಕೆಯಿಲ್ಲವೇ ಅಂದುಕೊಂಡೆ.

"ದವಾಖಾನ್ಯಾಗ ಆಕಿ ಕೇಳಿದ್ಲು, ಇನ್ನ ಮುಂದ ನಿಮ್ಮ ತಾಟು ನೋಡಾವ್ರು ಯಾರು ಅಂತ" ಅಂದ ಅಣ್ಣ, ನಿಧಾನವಾಗಿ. "ಯಾರೂ ಬ್ಯಾಡ ಅಂದೆ. ವನ್ಸನ ಹೆಸರು ಹೇಳ್ರಿ ಅಂದ್ಲು. ನಾ ಒಲ್ಲೆ ಅಂದೆ. ನಿನ್ನ ಕೈಯಾಗಿನ ಚಹಾ ನಾ ಇನ್ನೂ ಮರೆತಿಲ್ಲ ಅಂದೆ. ಕೇಳಲಿಲ್ಲ. ತನ್ನ ನೋವಿನ ಗುಳಿಗಿ ನುಂಗೂದು ಬಿಟ್ಲು. ನೀವು ವನ್ಸನ ಹೆಸರು ಹೇಳೂತನಕ ನಾ ನುಂಗೂದಿಲ್ಲ ಅಂದ್ಲು. ಒದ್ದಾಡಿದ್ಲು, ಆದ್ರ ನುಂಗಲಿಲ್ಲ. ಆ ಮೊದಲ ಸಹಿ ಬಿಟ್ರ, ನನ್ನ ದವಾಖಾನಿಗೆ ಒಯ್ದಿದ್ದು ನಾ ಕೊಟ್ಟ ಮಾತಿನ ಮ್ಯಾಲ. ಖರೇ ಜುಲುಮಿ ಅಂತ ಆಕಿ ನನಗ ಮಾಡಿದ್ದು ಇದೊಂದೇ."

"ನೀ ಹೇಳಿದಿ?"

"ಹೇಳಿದೆ. ನೋವು ನೋಡಲಿಕ್ಕೆ ಆಗಲಿಲ್ಲ, ಹೇಳಿದೆ." ಅವನು ನನ್ನ ಕೈ ಬಿಟ್ಟ. "ಈಗ ಜುಲುಮಿ ಮಾಡಲಿಕ್ಕೆ ಆಕಿ ಇಲ್ಲ. ಬೇಕಾದ್ರ ಮಾತು ತಿರುಗಿಸಬಹುದು. ಹನ್ನೆರಡು ದಿನ ಅದನ್ನ ವಿಚಾರ ಮಾಡಿದೆ. ತಿರುಗಿಸೂದಿಲ್ಲ. ಇನ್ನ ಮುಂದ ನೀ. ಎರಡು ಹೊತ್ತು ತಾಟು ಇಟ್ಟು ನೋಡು. ಎರಡೂ ಸಲ ದೂಡಿದ್ರ ಕರಕೊಂಡು ಹೋಗು. ಆದ್ರ ಮೊದಲು ತಿಂದು ಕೊಡೂದು ಬ್ಯಾಡ. ನೀ ಹಂಗೇ ಕೊಟ್ರೂ ತಿಂತೀನಿ."

ಬಡಿಸುವಾಗ ನಾನು ಎಣಿಸಿಕೊಂಡಿದ್ದ ಬೈಗುಳಗಳೆಲ್ಲ ಎಲ್ಲಿ ಹೋದವೋ. ನನ್ನ ಅಣ್ಣನ ನಂಬಿಕೆಯನ್ನು ನನಗೆ ಅವಳು ತನ್ನ ಮೈಯ ನೋವನ್ನು ಒತ್ತೆಯಿಟ್ಟು ಬಿಡಿಸಿ ಕೊಟ್ಟಿದ್ದಳು. ಹೊಟ್ಟೆ ಉರಿಯಿತು. ಇಷ್ಟು ವರ್ಷದಲ್ಲಿ ಅಷ್ಟು ಯಾವತ್ತೂ ಉರಿದಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು.

ನನ್ನ ಬೆರಳಿನಲ್ಲಿದ್ದ ತುತ್ತನ್ನು ಅಣ್ಣ ತೆಗೆದುಕೊಂಡು ತಾಟಿನ ಅಂಚಿಗೆ ಇಟ್ಟ. "ಇದು ಆಕೀದು" ಅಂದ. ಆಮೇಲೆ ಉಳಿದದ್ದನ್ನು ಕಲಸಿಕೊಂಡು, ಬಗ್ಗಿ, ಒಂದು ಅಗುಳೂ ಬಿಡದೆ ಉಂಡ.

ಈಗ ದಿನಾ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ನಾನು ಬಡಿಸಿ ಎದುರಿಗೆ ಕೂಡುತ್ತೇನೆ. ಮೊದಲ ತುತ್ತು ಅಂಚಿಗೆ ಹೋಗುತ್ತದೆ.